ಚಿಕ್ಕೇನಹಳ್ಳಿ ಕೆರೆಯಲ್ಲಿ ನೀರಿದೆ

ಲೀಕ್ಸ್‌ಲಿಪ್, ಐರ್ಲೆಂಡ್
೯ ನವೆಂಬರ್ ೨೦೨೦

ಗುರು ಚಿಕ್ಕಪ್ಪನವರಿಗೆ ಮಧುಶ್ರೀಯ ನಮಸ್ಕಾರಗಳು.

ಯಾವ ಮಧುಶ್ರೀ ಎಂದು ನೀವು ಕೇಳಬಹುದು. ಡ್ರೈವರ್ ನಂಜುಂಡಪ್ಪನವರ ಮಗಳು. ನೀವು ಅಪ್ಪನ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಹದಿನಾರು ವರ್ಷವೂ ನಮ್ಮ ಮನೆಗೆ ಬರುವಾಗ ನನಗೆ ಕಡಲೆ ಮಿಠಾಯಿ ತರುತ್ತಿದ್ದಿರಿ. ಆಮೇಲಿನ ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಯಾರೂ ನಿಮ್ಮ ಹೆಸರು ಎತ್ತಿಲ್ಲ. ನಿಮ್ಮ ನಂಬರನ್ನು ಅಮ್ಮ ಡಿಪೋದ ಹಳಬರೊಬ್ಬರಿಂದ ಪಡೆದಳು. ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಬರೆದರೆ, ನಿಮಗೆ ಬೇಡವೆನಿಸಿದಾಗ ಸುಮ್ಮನಿರುವುದು ಸುಲಭ.

ಅಪ್ಪ ಅಮ್ಮ ಈ ಫೆಬ್ರವರಿಯಲ್ಲಿ ನನ್ನ ಬಾಣಂತನಕ್ಕೆಂದು ಇಲ್ಲಿಗೆ ಬಂದರು. ಏಪ್ರಿಲ್‌ನಲ್ಲಿ ಹೊರಡಬೇಕಿತ್ತು. ಅಷ್ಟರಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ಸೆಪ್ಟೆಂಬರ್‌ನಲ್ಲಿ ಮಹಡಿ ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಏದುಸಿರು ಬರತೊಡಗಿತು. ಹೃದಯದ ಒಂದು ಕವಾಟ ಗಡಸಾಗಿ ಕಿರಿದಾಗಿದೆ, ಬದಲಾಯಿಸಲೇಬೇಕು ಎಂದರು. ಹೋದ ಮಂಗಳವಾರ ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಎದೆ ತೆರೆದು ಆಪರೇಷನ್ ಮಾಡಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಶುರುವಾದದ್ದು ಎರಡನೆಯ ದಿನ.

ಅಪ್ಪನಿಗೆ ತಾನೆಲ್ಲಿದ್ದೇನೆಂದೇ ತಿಳಿಯುತ್ತಿಲ್ಲ. ದೊಡ್ಡ ಆಪರೇಷನ್ ಆದ ವಯಸ್ಸಾದವರಿಗೆ ಹೀಗಾಗುವುದುಂಟಂತೆ. ಮಂಚವನ್ನು ಬಸ್ಸು ಎಂದುಕೊಂಡಿದ್ದಾರೆ. "ಗುರೂ, ಎಲ್ಲಾರೂ ಹತ್ತಿದ್ರೇನೋ? ರೈಟ್ ಹೇಳೋ, ಟೈಮಾತು" ಎಂದು ಹಗಲೆಲ್ಲ ಕೂಗುತ್ತಾರೆ. ಕೊರೊನಾ ಕಾರಣಕ್ಕೆ ನಮ್ಮನ್ನು ಒಳಗೆ ಬಿಡುವುದಿಲ್ಲ. ಶೈನಿ ಎಂಬ ನರ್ಸ್ ಇದ್ದಾಳೆ, ಕೇರಳದವಳು. ತುಮಕೂರಿನಲ್ಲಿ ನಾಲ್ಕು ವರ್ಷ ಓದಿದ್ದರಿಂದ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಪಾಪ, ಸಮಾಧಾನವಾಗಲಿ ಎಂದು ಅವಳೇ ಒಮ್ಮೆ "ರೈಟ್" ಅಂದಳಂತೆ. ಅಪ್ಪ ಬಸ್ಸು ಎತ್ತಿಯೇಬಿಟ್ಟರು. ಆಮೇಲೆ ನಿಲ್ಲಿಸಲಿಲ್ಲ. ಸ್ಟಿಯರಿಂಗ್ ತಿರುಗಿಸುವ ಭರದಲ್ಲಿ ಕೈಗೆ ಚುಚ್ಚಿದ್ದ ನಳಿಕೆಗಳನ್ನು ಎರಡು ಸಲ ಕಿತ್ತರು.

ಆಸ್ಪತ್ರೆಯವರು ಮನಸ್ಸು ಶಾಂತವಾಗಲೆಂದು ಮಂಚದ ಎದುರಿನ ಪರದೆಯಲ್ಲಿ ಸಮುದ್ರದ ದೃಶ್ಯ ಹಾಕಿದರು. ಇಲ್ಲಿಯವರಿಗೆ ಅದಕ್ಕಿಂತ ಸಮಾಧಾನದ ನೋಟ ಇಲ್ಲ. ಹಸಿರು ದಿಬ್ಬ, ಅದರ ಅಂಚಿನಲ್ಲಿ ಕಡಿದಾದ ಬಂಡೆ, ಕೆಳಗೆ ಅಲೆಗಳು. ಅಪ್ಪ ಡ್ರೈವರ್ ಅಲ್ಲವೇ, ಅವರಿಗೆ ಕಂಡದ್ದು ಪ್ರಪಾತ. ಎರಡೂ ಕಾಲುಗಳಿಂದ ಮಂಚದ ಹಲಗೆಯನ್ನು ಒತ್ತಿ ಹಿಡಿದು "ಬ್ರೇಕ್ ಹಿಡೀತಿಲ್ಲ" ಎಂದು ಅತ್ತರಂತೆ. ನನ್ನ ಅಪ್ಪ ಅತ್ತದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

ಫೋನಿನಲ್ಲಿ ಮಾತಾಡಿಸಿದೆ. ನಾನು ಬಸ್ಸಿನ ಹಿಂದೆ ಓಡಿ ಬರುತ್ತಿದ್ದೇನೆ ಎಂದುಕೊಂಡು ಎದ್ದು ಹಿಂತಿರುಗಲು ಹೋದರು. ಎದೆಮೂಳೆಯನ್ನು ತಂತಿಯಲ್ಲಿ ಬಿಗಿದಿದ್ದಾರೆ. ಹೀಗೇ ಎಳೆದಾಡಿದರೆ ಗಾಯ ಬಿಟ್ಟುಕೊಳ್ಳುತ್ತದೆ. ಬಲವಾದ ನಿದ್ದೆಯ ಔಷಧಿ ಕೊಟ್ಟು ಮಲಗಿಸಿದರೆ ಉಸಿರಾಟ ಕುಗ್ಗುತ್ತದೆ. ಡಾಕ್ಟರ್ ಕೇಳಿದರು, "ನಿಮ್ಮ ತಂದೆಗೆ ನೆಮ್ಮದಿ ಕೊಡುವ ಜಾಗ ಯಾವುದು? ಅವರೇ ಕಂಡ ಮರ, ನೀರು, ಬಯಲು ಏನಾದರೂ? ಅದನ್ನು ಅವರ ಭಾಷೆಯಲ್ಲಿ ಓದಿ ಹೇಳೋಣ."

ನನಗೆ ಉತ್ತರ ಗೊತ್ತಿರಲಿಲ್ಲ, ಚಿಕ್ಕಪ್ಪ. ಮೂವತ್ತಮೂರು ವರ್ಷದ ಮಗಳಿಗೆ ಗೊತ್ತಿಲ್ಲ. ಅಮ್ಮ, "ಅದೆಲ್ಲ ಗುರುಗೇ ಗೊತ್ತಿರೋದು. ದಿನಾ ಹತ್ತು ತಾಸು ಜೊತೇಲಿದ್ದೋನು ಅವನು" ಅಂದಳು.

ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಆದರೂ ಕೇಳುತ್ತಿದ್ದೇನೆ.

ನಿಮ್ಮ
ಮಧುಶ್ರೀ


ಹಿರಿಯೂರು
೧೧ ನವೆಂಬರ್ ೨೦೨೦

ಮಗಳು ಮಧುಗೆ,

ನನಗೆ ಫೋನಿನಲ್ಲಿ ಕನ್ನಡ ಒತ್ತಲು ಬರುವುದಿಲ್ಲ. ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಿನ್ನ ಕಾಗದವನ್ನು ನಿನ್ನೆ ಬೆಳಿಗ್ಗೆ ಓದಿದೆ.

ಹಕ್ಕಿನ ಮಾತು ಆಡಬೇಡ. ನಡೆದದ್ದನ್ನು ಮಾತ್ರ ನಿನಗೆ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಒಂದೇ ಕಡೆಯದನ್ನು ಕೇಳುತ್ತ ಬಂದಿದ್ದೀಯ. ೨೦೦೯ರ ಮಾರ್ಚ್‌ನಲ್ಲಿ, ಹಾಡುಹಗಲು, ನೇರ ರಸ್ತೆಯಲ್ಲಿ ನಮ್ಮ ಬಸ್ಸು ಎಡಕ್ಕೆ ಇಳಿದು ಹುಣಸೆ ಮರಕ್ಕೆ ಬಡಿಯಿತು. ಹದಿನಾಲ್ಕು ಜನಕ್ಕೆ ಪೆಟ್ಟಾಯಿತು. ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ನಾನು ಮುಂದಿನ ಸೀಟಿನ ಹತ್ತಿರ ನಿಂತು ಟಿಕೆಟ್ ಹರಿಯುತ್ತಿದ್ದೆ. ಕನ್ನಡಿಯಲ್ಲಿ ಅಣ್ಣನ ಮುಖ ಕಂಡೆ. ಕಣ್ಣು ಮುಚ್ಚಿತ್ತು. ವಿಚಾರಣೆಯಲ್ಲಿ ಕೇಳಿದರು, ಕಂಡದ್ದನ್ನು ಹೇಳಿದೆ. ಅಣ್ಣ ಎದ್ದು ನಿಂತು, "ನಾನು ನಿದ್ದೆ ಮಾಡಿಲ್ಲ" ಅಂದ. ಯಾರೂ ನಂಬಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದವನನ್ನು ಸಸ್ಪೆಂಡ್ ಮಾಡಿದರು. ಆಮೇಲೆ ನಿವೃತ್ತಿಯವರೆಗೂ ವರ್ಕ್‌ಶಾಪಿನಲ್ಲಿ ಕೂರಿಸಿದರು, ಸ್ಟಿಯರಿಂಗ್ ಮುಟ್ಟಲು ಬಿಡಲಿಲ್ಲ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದು ಸರಿಯೋ ತಪ್ಪೋ ಎಂದು ಇಂದಿಗೂ ಗೊತ್ತಿಲ್ಲ.

ಅವನ ಜಾಗ ನನಗೆ ಗೊತ್ತು. ಚಿಕ್ಕೇನಹಳ್ಳಿ ಕೆರೆ ಏರಿ. ಆದರೆ ಆ ಕಡೆ ಹೋಗಿ ವರ್ಷಗಳಾದವು. ನೋಡದೆ ಬರೆಯಲಾರೆ. ನಾಳೆ ಬೆಳಿಗ್ಗೆ ಮೊಪೆಡ್ಡಿನಲ್ಲಿ ಹೋಗಿ ಅಲ್ಲೇ ಕೂತು ಬರೆಯುತ್ತೇನೆ. ಆ ಹುಡುಗಿ ಓದುವಾಗ ನನ್ನ ಹೆಸರು ಹೇಳುವುದು ಬೇಡ. ಕೇಳಿದರೆ ಸಿಟ್ಟಾಗಬಹುದು, ಅವನ ಎದೆಗೆ ಸಿಟ್ಟು ಒಳ್ಳೆಯದಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಗುರುಪ್ರಸಾದ


ಚಿಕ್ಕೇನಹಳ್ಳಿ ಕೆರೆ ಏರಿ
೧೨ ನವೆಂಬರ್ ೨೦೨೦, ಬೆಳಿಗ್ಗೆ ಎಂಟೂವರೆ

(ಮಗೂ ಶೈನಿ, ಒಂದೊಂದು ಸಾಲಿಗೂ ನಿಲ್ಲಿಸಿ ಓದಮ್ಮ. ಅವಸರ ಬೇಡ.)

ನಂಜಣ್ಣ, ಹೋಲ್ಡಾನ್.

ಹೋಲ್ಡಾನ್. ಎಡಕ್ಕೆ ತಗೋ. ಆಲದ ಮರದ ಕೆಳಗೆ, ನೆರಳು ಬಿದ್ದಲ್ಲಿ ನಿಲ್ಲಿಸು. ಹ್ಯಾಂಡ್ ಬ್ರೇಕ್ ಎಳಿ. ಎಂಜಿನ್ ಆಫ್ ಮಾಡು.

ಸದ್ದು ನಿಂತಿತು. ಈಗ ಗಾಳಿಯದೊಂದೇ ಸದ್ದು.

ಜನ ಎಲ್ಲ ಇಳಿದರು. ಯಾರಿಗೂ ಅವಸರ ಇಲ್ಲ. ಇವತ್ತು ನಿನಗೂ ಡ್ಯೂಟಿ ಇಲ್ಲ, ನನಗೂ ಇಲ್ಲ. ಇದು ಸುಳ್ಳಲ್ಲ.

ಚಿಕ್ಕೇನಹಳ್ಳಿ ಕೆರೆ ಏರಿ ಇದು. ರೇಡಿಯೇಟರಿಗೆ ನೀರು ಹಾಕೋಕೆ ಅಂತ ನಿಲ್ಲಿಸಿ, ಇಪ್ಪತ್ತು ನಿಮಿಷ ಕಲ್ಲಿನ ಮೇಲೆ ಕೂರುತ್ತಿದ್ದೆವಲ್ಲ, ಆ ಕಲ್ಲಿನ ಮೇಲೇ ಕೂತಿದ್ದೇನೆ. ಕಲ್ಲು ಬೆಚ್ಚಗಿದೆ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತಿದೆ.

ಈ ವರ್ಷ ಮಳೆ ಚೆನ್ನಾಗಿ ಆಯಿತು ಅಣ್ಣ. ಕೆರೆಯಲ್ಲಿ ನೀರಿದೆ. ತೂಬಿನ ಮೂರನೇ ಮೆಟ್ಟಿಲು ಮುಳುಗಿದೆ. ನೀರು ಅಲುಗಾಡುತ್ತಿಲ್ಲ. ಆಚೆ ದಡದ ಜಾಲಿಗಿಡಗಳು ತಲೆಕೆಳಗಾಗಿ ನೀರಿನೊಳಗೆ ಕಾಣುತ್ತಿವೆ.

ನೀರುಕಾಗೆಯೊಂದು ಕೊರಡಿನ ಮೇಲೆ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿದೆ. ರೆಕ್ಕೆ ಅಗಲ ಮಾಡಿ ಸುಮ್ಮನೆ ಕೂತಿದೆ. ಅದು ಹಾರುವ ತನಕ ನಾವೂ ಏಳುವುದು ಬೇಡ.

ಏರಿಯ ಕೆಳಗೆ ತಂಗಡಿ ಹೂ ಬಿಟ್ಟಿದೆ. ಎಲ್ಲಿ ನೋಡಿದರೂ ಹಳದಿ. ಅದರಾಚೆ ಬಯಲು. ಹುಲ್ಲು ಹಣ್ಣಾಗಿ ಗಾಳಿಗೆ ಒಂದೇ ಕಡೆ ಬಾಗುತ್ತದೆ, ಮತ್ತೆ ಏಳುತ್ತದೆ. ಬಾಗುತ್ತದೆ, ಏಳುತ್ತದೆ. ನೀನೂ ಅದರ ಜೊತೆ ಉಸಿರು ಎಳಿ. ನಿಧಾನಕ್ಕೆ ಬಿಡು.

ಕುರಿಮಂದೆ ದಾಟುತ್ತಿದೆ. ದಾಟಿಕೊಳ್ಳಲಿ. ಹಾರನ್ ಬೇಡ.

ನೀನು ದೂರದ ದೇಶದ ಆಸ್ಪತ್ರೆಯಲ್ಲಿದ್ದೀಯ ಅಣ್ಣ. ನಿನ್ನ ಎದೆಗೆ ರಿಪೇರಿ ಆಗಿದೆ, ಚೆನ್ನಾಗಿ ಆಗಿದೆ. ಪಕ್ಕದಲ್ಲಿ ನಿಂತಿರುವ ಹುಡುಗಿ ನರ್ಸು. ಅವಳು ಹೇಳಿದಂತೆ ಕೇಳು. ಬಸ್ಸು ನೆರಳಿನಲ್ಲಿದೆ. ನಾನು ಕಾಯುತ್ತೇನೆ. ನೀನು ಮಲಗು.


ಲೀಕ್ಸ್‌ಲಿಪ್
೧೭ ನವೆಂಬರ್ ೨೦೨೦

ಗುರು ಚಿಕ್ಕಪ್ಪನವರಿಗೆ,

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಮರಳಿ ಬಂದಿದ್ದಾರೆ. ಈಗ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿಮ್ಮ ಕಾಗದವನ್ನು ನಾನು ಇಂಗ್ಲಿಷ್ ಅಕ್ಷರದಲ್ಲಿ ಇಳಿಸಿ ಕಳಿಸಿದೆ. ಪರದೆಯ ಸಮುದ್ರವನ್ನು ತೆಗೆಸಿ, ಕಾಗದದ ಜೊತೆ ನೀವು ತೆಗೆದು ಕಳಿಸಿದ್ದ ಕೆರೆಯ ಫೋಟೋ ಹಾಕಿಸಿದೆವು. ಗುರುವಾರ ಮಧ್ಯಾಹ್ನ ಶೈನಿ ಮಂಚದ ಪಕ್ಕ ಕೂತು ಓದಿದಳು. ಅಷ್ಟೊತ್ತಿಗೆ ಅಪ್ಪ ಬೆವರಿಟ್ಟುಕೊಂಡು ಗೇರ್ ಬದಲಾಯಿಸುತ್ತಿದ್ದರಂತೆ. ಅವಳ ಬಾಯಿಂದ "ಹೋಲ್ಡಾನ್" ಬಂದದ್ದೇ ತಡ, ಅಪ್ಪನ ಬಲಗಾಲು ಕೆಳಗೆ ಒತ್ತಿತು. ಎರಡನೇ ಹೋಲ್ಡಾನಿಗೆ ಎಡಗೈ ಗೇರನ್ನು ನ್ಯೂಟ್ರಲ್‌ಗೆ ತಂದಿತು. "ಎಂಜಿನ್ ಆಫ್ ಮಾಡು" ಎಂದಾಗ ಬೆರಳುಗಳು ಗಾಳಿಯಲ್ಲಿ ಕೀ ತಿರುಗಿಸಿದವು. ಆಮೇಲೆ ಎರಡೂ ಕೈ ಹಾಸಿಗೆಯ ಮೇಲೆ ಬಿದ್ದವು.

ನೀರುಕಾಗೆಯ ಹತ್ತಿರ ಬಂದಾಗ ಅಪ್ಪ ಕಣ್ಣು ತೆರೆದು ಫೋಟೋ ನೋಡಿದರು. "ಕೆರೇಲಿ ನೀರೈತಾ?" ಎಂದು ಕೇಳಿದರು.

ಶೈನಿ, "ಐತೆ ಅಪ್ಪಾ. ಮೂರನೇ ಮೆಟ್ಟಿಲು ಮುಳುಗಿದೆ" ಅಂದಳು.

"ಹಂಗಾರೆ ಚಲೋ ಆತು" ಎಂದವರು ಮಲಗಿದರು. ನಾಲ್ಕು ತಾಸು. ಎಂಟು ದಿನಗಳಲ್ಲಿ ಅದೇ ಮೊದಲ ನಿದ್ದೆ. ವಾರ್ಡಿನ ಐರಿಶ್ ಹಿರಿಯ ನರ್ಸ್ ನನಗೆ ಫೋನ್ ಮಾಡಿ, "ನಿಮ್ಮ ತಂದೆ ಗ್ರ್ಯಾಂಡ್ ಆಗಿ ಮಲಗಿದ್ದಾರೆ" ಅಂದರು. ಇಲ್ಲಿ ಗ್ರ್ಯಾಂಡ್ ಎಂದರೆ ವೈಭವವಲ್ಲ, ಚೆನ್ನಾಗಿದ್ದಾರೆ ಅಂತಷ್ಟೇ. ನಾನು ಮಾತ್ರ ಅದನ್ನು ವೈಭವ ಎಂದೇ ಕೇಳಿಸಿಕೊಂಡೆ.

ದಿನಕ್ಕೆ ಮೂರು ಸಲ ಓದಿಸಿದೆವು. ಶನಿವಾರ ಇಲ್ಲಿ ನಾವು ದೀಪ ಹಚ್ಚುತ್ತಿದ್ದಾಗ ಶೈನಿಯ ಮೆಸೇಜ್ ಬಂತು. ಅಪ್ಪ ಅವಳ ಉಚ್ಚಾರ ತಿದ್ದುತ್ತಿದ್ದಾರಂತೆ. "ಎರಿ ಅಲ್ಲಮ್ಮ, ಏರಿ. ಎಳಿಬೇಕು ಅದನ್ನ" ಎಂದರಂತೆ. ಅಮ್ಮ ದೀಪದ ಮುಂದೆ ಕೂತು ನಕ್ಕಳು, ಆಮೇಲೆ ಅತ್ತಳು.

ಭಾನುವಾರ ಕೇಳಿದರು, "ಇದನ್ನ ಯಾರು ಬರೆದಿದ್ದು?" ಶೈನಿಗೆ ಸುಳ್ಳು ಹೇಳಲು ಆಗಲಿಲ್ಲ. ಹೆಸರು ಕೇಳಿ ಅಪ್ಪ ಗೋಡೆಯ ಕಡೆ ತಿರುಗಿದರು. ಊಟ ಬೇಡ ಎಂದರು. ಎದೆಬಡಿತದ ಯಂತ್ರವನ್ನೇ ನೋಡುತ್ತ ಅವಳು ಹೆದರಿ ಕೂತಿದ್ದಳು. ಸಂಜೆ ನಾಲ್ಕರ ಹೊತ್ತಿಗೆ, ಗೋಡೆಯ ಕಡೆ ಮುಖ ಇಟ್ಟುಕೊಂಡೇ, "ಇನ್ನೊಂದ್ಸಲ ಓದಮ್ಮ" ಅಂದರಂತೆ.

ಅಷ್ಟೇ ಆಗಿರುವುದು. ಮುಂದಿನದು ನನಗೂ ಗೊತ್ತಿಲ್ಲ.

ನಿಮ್ಮ
ಮಧು


ಲೀಕ್ಸ್‌ಲಿಪ್
೨೮ ನವೆಂಬರ್ ೨೦೨೦

ಚಿಕ್ಕಪ್ಪ,

ಇದನ್ನು ಕೂತು ಓದಿ.

ಹೋದ ವಾರ ಅಪ್ಪ ವಾರ್ಡಿನಲ್ಲಿ ಕುರ್ಚಿಯ ಮೇಲೆ ಕೂತು ಶೈನಿಗೆ ಸಾರಿನ ಪುಡಿಯ ವಿಷಯ ಹೇಳುತ್ತಿದ್ದರು. ಬುದ್ಧಿ ಪೂರ್ತಿ ತಿಳಿಯಾಗಿತ್ತು. ಮಾತಿನ ಮಧ್ಯೆ ಕಣ್ಣು ಮುಚ್ಚಿತು, ತಲೆ ಎಡಕ್ಕೆ ವಾಲಿತು. ಶೈನಿ ಯಂತ್ರದ ಕಡೆ ನೋಡಿದರೆ ಗೆರೆ ನೆಟ್ಟಗೆ ಹೋಗುತ್ತಿದೆ. ಐದು ಸೆಕೆಂಡ್ ಬಡಿತವೇ ಇಲ್ಲ. ಅವಳು ಗುಂಡಿ ಒತ್ತುವಷ್ಟರಲ್ಲಿ ಬಡಿತ ತಾನಾಗಿ ಶುರುವಾಯಿತು. ಅಪ್ಪ ಕಣ್ಣು ಬಿಟ್ಟು ಮಾತು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಮುಂದುವರಿಸಿದರು.

ಅವಳು ಕೇಳಿದಳು, "ಅಪ್ಪಾ, ನಿದ್ದೆ ಬಂತಾ?"

ಅಪ್ಪ ಸಿಟ್ಟಿನಿಂದ ಅಂದರು, "ನಾನು ನಿದ್ದೆ ಮಾಡಿಲ್ಲ."

ಈ ಮಾತನ್ನು ಅವಳು ಫೋನಿನಲ್ಲಿ ಹೇಳಿದಾಗ, ಇನ್ನೊಮ್ಮೆ ಹೇಳು ಎಂದೆ. ಹನ್ನೊಂದು ವರ್ಷ ಊಟದ ತಟ್ಟೆಯ ಮುಂದೆ, ಹಬ್ಬದ ದಿನ, ನನ್ನ ಮದುವೆಯ ಹಿಂದಿನ ದಿನ, ಕೇಳಿದವರಿಗೂ ಕೇಳದವರಿಗೂ ಅಪ್ಪ ಹೇಳುತ್ತ ಬಂದ ಮಾತು ಅದು.

ನಾನು ಡಾಕ್ಟರಿಗೆ ೨೦೦೯ರ ಸಂಗತಿಯನ್ನೆಲ್ಲ ಹೇಳಿದೆ. ನೇರ ರಸ್ತೆ, ಹಗಲು, ಕನ್ನಡಿಯಲ್ಲಿ ಮುಚ್ಚಿದ ಕಣ್ಣು. ಅವರು ಎರಡು ಸಲ ಕೇಳಿಸಿಕೊಂಡರು. ಅಪ್ಪನಿಗೆ ಹೃದಯವನ್ನು ಬಡಿಯುವಂತೆ ಮಾಡುವ ವಿದ್ಯುತ್ತಿನ ದಾರಿಯಲ್ಲೇ ದೋಷವಿದೆ, ಬಡಿತ ಅಪರೂಪಕ್ಕೊಮ್ಮೆ ನಿಂತುಬಿಡುತ್ತದೆ, ಪ್ರಜ್ಞೆ ತಪ್ಪಿದವರಿಗೇ ಅದು ತಿಳಿಯುವುದಿಲ್ಲ ಎಂದರು. "ಅಂದು ಆಗಿದ್ದೂ ಇದೇನಾ?" ಎಂದೆ. "ಇಷ್ಟು ವರ್ಷದ ಮೇಲೆ ಆಣೆ ಇಟ್ಟು ಹೇಳಲಾರೆ. ಆದರೆ ನೀವು ಹೇಳಿದ್ದು ನಿದ್ದೆಗಿಂತ ಇದಕ್ಕೇ ಹೆಚ್ಚು ಹೊಂದುತ್ತದೆ" ಎಂದರು.

ಮಂಗಳವಾರ ಪೇಸ್‌ಮೇಕರ್ ಕೂರಿಸಿದರು. ನಿನ್ನೆ ಮನೆಗೆ ಕಳಿಸಿದರು. ಡಾಕ್ಟರ್ ಹೇಳಿದ್ದನ್ನು ನಾನೇ ಅಪ್ಪನಿಗೆ ಹೇಳಿದೆ. ಅಪ್ಪ, "ಹಂಗಾದ್ರೆ ಗುರು ಕಣ್ಣು ಮುಚ್ಚಿದ್ದು ಕಂಡಿದ್ದು ನಿಜಾನೇ" ಅಂದರು. ತಮ್ಮ ವಿಷಯ ಆಮೇಲೆ, ಮೊದಲು ಬಂದದ್ದು ಈ ಮಾತು.

ನಿಮ್ಮ
ಮಧು


ಹಿರಿಯೂರು
೨ ಡಿಸೆಂಬರ್ ೨೦೨೦

ಮಗಳೇ,

ನಿನ್ನ ಕಾಗದ ಓದಿ ನಾನು ಬಸ್ಸು ಹತ್ತಿ ನೇರ ನಮ್ಮ ಹಳೇ ಡಿಪೋಗೆ ಹೋದೆ. ಮಾಸ್ಕ್ ಹಾಕಿಕೊಂಡೇ. ಈಗಿನವರಲ್ಲಿ ಅರ್ಧ ಜನಕ್ಕೆ ನಾನ್ಯಾರು ಗೊತ್ತಿಲ್ಲ. ಕ್ಯಾಂಟೀನಿನಲ್ಲಿ ಊಟದ ಹೊತ್ತು, ಮೂವತ್ತು ಜನ ಇದ್ದರು. ನಡುವೆ ನಿಂತು ಗಟ್ಟಿಯಾಗಿ ಹೇಳಿದೆ: "ಹನ್ನೊಂದು ವರ್ಷದ ಹಿಂದೆ ನಂಜುಂಡಪ್ಪ ಬಸ್ಸಿನಲ್ಲಿ ನಿದ್ದೆ ಮಾಡಿದ ಅಂತ ನನ್ನ ಮಾತಿನ ಮೇಲೆ ತೀರ್ಮಾನ ಆಯ್ತು. ಕಣ್ಣು ಮುಚ್ಚಿದ್ದು ನಿಜ. ಅದು ನಿದ್ದೆ ಅಲ್ಲ ಅಂತ ಈಗ ಡಾಕ್ಟರು ಹೇಳ್ತವ್ರೆ. ಎದೆ ನಿಂತಿತ್ತು. ಎದೆ ನಿಂತ ಮೇಲೂ ಬದುಕಿ, ಗಾಯವಾದವರನ್ನ ಒಬ್ಬೊಬ್ಬರಾಗಿ ಹೊರಗೆ ಎತ್ತಿ ತಂದವನು ಅವನು."

ಅಣ್ಣನನ್ನು ಬಲ್ಲ ಹಳಬರು ಐದಾರು ಮಂದಿ. ಮೆಕ್ಯಾನಿಕ್ ಸತ್ಯಪ್ರಕಾಶ್ ಎದ್ದು ನಿಂತ. ಅವನನ್ನು ನೋಡಿ ಉಳಿದ ಹಳಬರು ನಿಂತರು. ಆಮೇಲೆ ನಂಜಣ್ಣನ ಮುಖವನ್ನೇ ಕಾಣದ ಹೊಸ ಹುಡುಗರೂ ಅನ್ನದ ಕೈಯಲ್ಲೇ ಎದ್ದು ನಿಂತರು.

ಅಣ್ಣನಿಗೆ ಇದನ್ನು ಓದಿ ಹೇಳು. ಈ ಸಲ ನನ್ನ ಹೆಸರು ಹೇಳಿಯೇ ಓದು.

ಗುರುಪ್ರಸಾದ


ಲೀಕ್ಸ್‌ಲಿಪ್
೧೦ ಏಪ್ರಿಲ್ ೨೦೨೧, ಶನಿವಾರ

ಗುರು,

ನಾಲ್ಕು ತಿಂಗಳಾಯಿತು, ನಿನಗೆ ಬರೆಯಬೇಕು ಎಂದು ಕೂರುತ್ತೇನೆ, ಏಳುತ್ತೇನೆ. ಮಧು ಫೋನ್ ಹಚ್ಚಿ ಕೊಡುತ್ತೇನೆ ಎಂದಳು. ಬೇಡ ಎಂದೆ. ನೀನು ಕಾಗದದಲ್ಲಿ ಬಂದವನು, ನಾನೂ ಕಾಗದದಲ್ಲೇ ಬರುತ್ತೇನೆ.

ಸಸ್ಪೆಂಡ್ ಆದ ಮೂರನೇ ದಿನ ನೀನು ಮನೆಗೆ ಬಂದಿದ್ದೆ. "ಊರಿಗೆ ಹೋಗವ್ರೆ" ಎಂದು ನಿನ್ನ ಅತ್ತಿಗೆ ರಾಜಮ್ಮ ಹೇಳಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ನೀನು ಚಪ್ಪಲಿ ಮೆಟ್ಟಿಕೊಂಡದ್ದು, ಗೇಟು ತೆಗೆದದ್ದು, ಗೇಟಿನ ಹತ್ತಿರ ನಿಂತದ್ದು ಎಲ್ಲ ಕೇಳಿಸಿತು. ನಿನ್ನ ಮೇಲೆ ಸಿಟ್ಟಿತ್ತು ಎಂದುಕೊಂಡಿದ್ದೆ. ಹೆದರಿಕೆ ಗುರು. ನಿಜವಾಗಲೂ ನಿದ್ದೆ ಮಾಡಿಬಿಟ್ಟೆನೋ ಎಂಬ ಹೆದರಿಕೆ. ಆ ಹದಿನಾಲ್ಕು ಜನರ ಮುಖ ಕಣ್ಣ ಮುಂದೆ ಬರುತ್ತಿತ್ತು. ನಿನ್ನ ಮುಖ ನೋಡಿದರೆ ಒಪ್ಪಿಕೊಳ್ಳಬೇಕಾದೀತು ಎಂದು ಬಾಗಿಲು ತೆಗೆಯಲಿಲ್ಲ. ಕ್ಷಮಿಸು ಎಂಬ ಪದ ನನ್ನ ಬಾಯಿಗೆ ಬರುವುದಿಲ್ಲ, ಆದ್ದರಿಂದ ಬರೆದಿದ್ದೇನೆ.

ಆಸ್ಪತ್ರೆಯ ಆ ದಿನಗಳು ನನಗೆ ಪೂರ್ತಿ ನೆನಪಿಲ್ಲ. ಬಸ್ಸು ಓಡುತ್ತಲೇ ಇತ್ತು. ಹಿಂದೆ ತುಂಬ ಜನ, ಯಾರೂ ಇಳಿಯುತ್ತಿಲ್ಲ, ಮುಂದೆ ರಸ್ತೆ ಮುಗಿದು ನೀರು. ನಿಲ್ಲಿಸಲು ಬ್ರೇಕಿಲ್ಲ. ಆಮೇಲೆ ಯಾರೋ ಮಲಯಾಳದ ರಾಗದಲ್ಲಿ ಹೋಲ್ಡಾನ್ ಅಂದರು. ಅಷ್ಟು ದಿನದಲ್ಲಿ ನನ್ನನ್ನು ನಿಲ್ಲು ಎಂದು ಸರಿಯಾಗಿ ಹೇಳಿದವರು ಅವರೊಬ್ಬರೇ. ಹುಲ್ಲು ಬಾಗುವುದು, ಏಳುವುದು ಕಂಡಿತು. ಅದರ ಜೊತೆಗೇ ಉಸಿರಾಡುತ್ತ ನಾನು ಮರಳಿ ಬಂದೆ.

ಕ್ಯಾಂಟೀನಿನ ಸಂಗತಿಯನ್ನು ಮಧು ನನಗೆ ಓದಿ ಹೇಳಿದಳು. ಆಮೇಲೆ ಕೋಣೆಗೆ ಹೋಗಿ, ಆ ಹುಡುಗರ ಹಾಗೆ ನಾನೂ ಎದ್ದು ನಿಂತೆ.

ಈಗ ಇವತ್ತಿನ ಸುದ್ದಿ. ಇಲ್ಲಿ ಜನವರಿಯಿಂದ ಮನೆಯಿಂದ ಐದು ಕಿಲೋಮೀಟರ್ ದಾಟಿ ಹೋಗಬಾರದು ಎಂದು ಸರ್ಕಾರದ ಆಜ್ಞೆ. ಡಿಸೆಂಬರ್‌ನಲ್ಲಿ ನನಗೆ ಬಚ್ಚಲು ಮನೆಯೇ ದೂರದ ಊರು. ಸಂಕ್ರಾಂತಿಗೆ ಗೇಟಿನವರೆಗೆ ಹೋದೆ. ಶಿವರಾತ್ರಿಗೆ ಕಾಲುವೆಯ ಮೊದಲನೇ ಸೇತುವೆ ಮುಟ್ಟಿದೆ. ಮನೆ ಹತ್ತಿರ ದೊಡ್ಡ ಕಾಲುವೆ ಇದೆ, ಅದರ ದಂಡೆಯಲ್ಲೇ ಕಾಲುದಾರಿ. ಇವತ್ತು ಬೆಳಿಗ್ಗೆ ರಾಜಮ್ಮನನ್ನು ಕರೆದುಕೊಂಡು ಹೊರಟೆ. ಮುಖಕ್ಕೆ ಕೊಯ್ಯುವ ಚಳಿ, ಮೇಲೆ ಸುಳ್ಳು ಬಿಸಿಲು. ಮುಳ್ಳುಬೇಲಿಯಲ್ಲೆಲ್ಲ ಹಳದಿ ಹೂ, ಹೆಸರು ಗೊತ್ತಿಲ್ಲ. ಹಂಸವೊಂದು ಗೂಡಿನಲ್ಲಿ ಕೂತು ನಮ್ಮನ್ನು ಗದರಿಸಿತು. ನಾಲ್ಕನೇ ಕಿಲೋಮೀಟರಿಗೆ ರಾಜಮ್ಮ, "ಸಾಕು, ತಿರುಗ್ರಿ" ಅಂದಳು. "ನೀನು ಕೂತಿರು, ಬರ್ತೀನಿ" ಎಂದೆ. ಅವಳು ಕೂರಲಿಲ್ಲ, ಬೈದುಕೊಂಡೇ ಬಂದಳು.

ಐದು ಮುಗಿದದ್ದು ಕಲ್ಲಿನ ಹಳೇ ಸೇತುವೆಯೊಂದರ ಹತ್ತಿರ. ದೂರ ಅಳೆಯಲೆಂದು ಜೇಬಿನಲ್ಲಿ ತಂದಿದ್ದ ಮಧುವಿನ ಫೋನ್ ಟಣ್ ಎಂದಿತು. ಎದೆ ಮುಟ್ಟಿ ನೋಡಿಕೊಂಡೆ. ಒಂದೇ ಸಮ ಬಡಿಯುತ್ತಿತ್ತು. ಬೆಂಚಿನ ಮೇಲೆ ಕೂತಿದ್ದ ಮುದುಕನೊಬ್ಬ ದೂರದಿಂದಲೇ ಎಲ್ಲಿಂದ ನಡೆದು ಬಂದಿರಿ ಎಂದು ಕೈಸನ್ನೆಯಲ್ಲಿ ಕೇಳಿದ. ಲೀಕ್ಸ್‌ಲಿಪ್ ಎಂದೆ. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಎದೆಯ ಹೊಲಿಗೆಯ ಗುರುತು ತೋರಿಸಿದೆ. ಅವನು ಟೋಪಿ ತೆಗೆದ. "ಗ್ರ್ಯಾಂಡ್" ಎಂದೆ, ನನಗೆ ಬರುವ ಇಂಗ್ಲಿಷ್ ಅಷ್ಟೇ.

ಸೇತುವೆ ಹತ್ತಿ ಆಚೆ ನೋಡಿದೆ. ಕಾಲುವೆ ನೆಟ್ಟಗೆ ಹೋಗಿದೆ, ಅದರ ಪಕ್ಕದಲ್ಲೇ ದಾರಿಯೂ. ಮುಂದಿನ ಊರು ಮೇನೂತ್. ಅಲ್ಲಿಂದ ನನ್ನನ್ನು ತಿರುಗಿಸಿದ್ದು ಸರ್ಕಾರದ ಆಜ್ಞೆ ಗುರು, ಎದೆ ಮುಂದಕ್ಕೇ ಅನ್ನುತ್ತಿತ್ತು. ಸೋಮವಾರದಿಂದ ಆ ಕಟ್ಟು ಸಡಿಲ ಮಾಡುತ್ತಾರಂತೆ, ಜಿಲ್ಲೆಯೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಮಂಗಳವಾರ ಯುಗಾದಿ. ಹೋಳಿಗೆಗೆ ಬೇಕಾದ ಬೆಲ್ಲ ಮೇನೂತಿನ ಅಂಗಡಿಯಲ್ಲಿ ಸಿಗುತ್ತದಂತೆ. ಸೋಮವಾರ ನಡೆದೇ ಹೋಗಿ ತರುತ್ತೇನೆ.

ಇಂತಿ ನಿನ್ನ,
ಡ್ರೈವರ್ ನಂಜುಂಡಪ್ಪ